ಹೆಸರಿಲ್ಲದ ತುಣುಕು

1822ರ ಜೂನ್ ತಿಂಗಳು. ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಆಕಸ್ಮಿಕವಾಗಿ ಹಾರಿದ ಬಂದೂಕಿನಿಂದ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಕೂಲಿಯಾಳಿನ ಹೊಟ್ಟೆಗೆ ಗುಂಡೇಟು ಬಿತ್ತು. ಆತ ಬದುಕಿದ, ಆದರೆ ಜಠರಕ್ಕೆ ಬಿದ್ದ ತೂತು ಮುಚ್ಚಲೇ ಇಲ್ಲ. ಚಿಕಿತ್ಸೆ ಕೊಟ್ಟ ಸೇನಾ ವೈದ್ಯ ವಿಲಿಯಂ ಬ್ಯೂಮಾಂಟ್ ಮಾಂಸದ ಚೂರು, ಬ್ರೆಡ್ಡು, ಎಲೆಕೋಸುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ತೂತಿನೊಳಗೆ ಇಳಿಬಿಟ್ಟು, ಆಗಾಗ ಹೊರಗೆಳೆದು ನೋಡುತ್ತಿದ್ದ. ಜಠರರಸದ ಬಗ್ಗೆ ಅವನು 1833ರಲ್ಲಿ ಪ್ರಕಟಿಸಿದ ಪುಸ್ತಕ ಜೀರ್ಣಕ್ರಿಯೆಯ ಅಧ್ಯಯನಕ್ಕೆ ಬುನಾದಿಯಾಯಿತು. ಓದುಬರಹ ಬಾರದ ಸೇಂಟ್ ಮಾರ್ಟಿನ್ ಒಪ್ಪಂದಪತ್ರಕ್ಕೆ ಬರೀ ಒಂದು ಗುರುತು ಹಾಕಿದ್ದ. 1880ರಲ್ಲಿ ಆತ ಸತ್ತಾಗ ವೈದ್ಯರ ಕಣ್ಣು ಆ ಹೊಟ್ಟೆಯ ಮೇಲಿತ್ತು. ಮನೆಯವರು ಶವ ಕೊಳೆಯುವ ತನಕ ಕಾದು, ಆಮೇಲೆ ಎಂಟು ಅಡಿ ಆಳದಲ್ಲಿ ಹೂತರು.

ಜೀರ್ಣಾಂಗಗಳ ಕಾಯಿಲೆಗಳಿಗೆಂದು ಆಸ್ಪತ್ರೆಗಳು ಸೇರಿ ನಡೆಸುವ ಅಂಗಾಂಶ ಬ್ಯಾಂಕುಗಳ ಬಗ್ಗೆ ಯೋಚಿಸುವಾಗ ನನಗೆ ಆ ಎಂಟು ಅಡಿ ನೆನಪಾಗುತ್ತದೆ. ಈಗ ಕೊಡುವುದು ಅಕ್ಕಿಕಾಳಿಗಿಂತ ಚಿಕ್ಕ ಚೂರು. ಕೊಲೊನೋಸ್ಕೋಪಿ ಮಾಡುವಾಗ ತಪಾಸಣೆಗೆಂದು ಕರುಳಿನ ಒಳಪದರದಿಂದ ಕೆಲವು ತುಣುಕು ತೆಗೆಯುತ್ತಾರೆ. ರೋಗಿ ಒಪ್ಪಿದರೆ ಒಂದೆರಡು ಹೆಚ್ಚು. ಅವು ಮೇಣದ ಅಚ್ಚಿನಲ್ಲೋ, ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲೋ ಕೂರುತ್ತವೆ. ಕ್ರೋನ್ಸ್‌ನಂತಹ ಕಾಯಿಲೆ ಒಬ್ಬೊಬ್ಬರಲ್ಲಿ ಒಂದೊಂದು ರೀತಿ ಇರುವುದರಿಂದ ಒಂದೇ ಆಸ್ಪತ್ರೆಯ ರೋಗಿಗಳು ಅಧ್ಯಯನಕ್ಕೆ ಸಾಲುವುದಿಲ್ಲ. ಹಂಚಿಕೊಳ್ಳಲೇಬೇಕು.

ಹಂಚುವ ಮೊದಲು ಹೆಸರು ತೆಗೆದು ಸಂಖ್ಯೆ ಹಾಕುತ್ತಾರೆ. ಇದನ್ನು ನಾವು ನೀತಿಯ ಮೊದಲ ಪಾಠವೆಂದು ಒಪ್ಪಿಕೊಂಡಿದ್ದೇವೆ. ಕರುಳಿನ ಕಾಯಿಲೆ ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂಥದ್ದಲ್ಲ. ಮದುವೆ ಮಾತುಕತೆ ಮುರಿಯಲು, ವಿಮೆ ಸಿಗದಿರಲು ಅಷ್ಟು ಸಾಕು. ಆದರೆ ಹೆಸರು ಅಳಿಸಿದಾಗ ಕಾಪಾಡಿದ್ದು ಯಾರನ್ನು?

ಲಿಂಚ್ ಸಿಂಡ್ರೋಮ್ ಎಂಬುದೊಂದಿದೆ. ಕೆಲವು ಜೀನುಗಳ ದೋಷದಿಂದ ದೊಡ್ಡಕರುಳಿನ ಕ್ಯಾನ್ಸರಿನ ಸಾಧ್ಯತೆ ಬಹಳ ಹೆಚ್ಚುತ್ತದೆ. ಆ ದೋಷ ಪ್ರತಿ ಮಗುವಿಗೂ ದಾಟುವ ಸಂಭವ ಅರ್ಧಕ್ಕರ್ಧ. ಮೊದಲೇ ಗೊತ್ತಾದರೆ ನಿಯಮಿತ ಕೊಲೊನೋಸ್ಕೋಪಿಯಿಂದ ಅಪಾಯವನ್ನು ತುಂಬ ತಗ್ಗಿಸಬಹುದು. ಇನ್ನಾವುದೋ ಪ್ರಶ್ನೆ ಹಿಡಿದು ಹೊರಟ ಸಂಶೋಧಕಿಗೆ ಹತ್ತು ವರ್ಷ ಹಳೆಯ ತುಣುಕೊಂದರಲ್ಲಿ ಈ ದೋಷ ಕಂಡಿತೆನ್ನಿ. ಹೆಸರು ಪೂರ್ತಿ ಅಳಿಸಿದ್ದರೆ ಅವಳು ಮಾಡಬಹುದಾದ್ದು ಏನೂ ಇಲ್ಲ. ಎಲ್ಲೋ ಒಬ್ಬಳು ಮಗಳು ಏನೂ ತಿಳಿಯದೆ ಓಡಾಡಿಕೊಂಡಿರುತ್ತಾಳೆ.

ಇದಕ್ಕೆ ಎದುರುವಾದವೂ ಹಗುರವಲ್ಲ. ಸಂಶೋಧನೆಯಲ್ಲಿ ಕಂಡದ್ದು ರೋಗನಿರ್ಣಯವಲ್ಲ. ಮತ್ತೆ ಪರೀಕ್ಷೆ ಮಾಡಿಸದೆ ಹೇಳಿದರೆ ಸುಳ್ಳು ಭಯ ಹುಟ್ಟಿಸಿದಂತೆ. ತಿಳಿಯದೆ ಇರುವ ಹಕ್ಕೂ ಮನುಷ್ಯನಿಗಿದೆ. ಆದರೆ ಅದು ಕೊಟ್ಟವನ ಹಕ್ಕು, ಇಟ್ಟುಕೊಂಡವರ ಅನುಕೂಲವಲ್ಲ. ಹೆಸರು ಅಳಿಸಿಬಿಟ್ಟರೆ ಗುಟ್ಟು ಉಳಿಯುವುದರ ಜೊತೆಗೆ ಬ್ಯಾಂಕಿನ ಹೊಣೆಯೂ ಕಳಚುತ್ತದೆ. ಈ ಎರಡನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಮಧ್ಯದ ದಾರಿಯೊಂದು ಉಂಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೆಸರಿಗೆ ಮರಳಿ ಜೋಡಿಸಬಹುದಾದ ಮಾದರಿಗಳನ್ನೂ ಜೋಡಿಸಲಾಗದ ಮಾದರಿಗಳನ್ನೂ ಬೇರೆಬೇರೆಯಾಗಿ ನೋಡುತ್ತದೆ. ಸಂಖ್ಯೆಗೂ ಹೆಸರಿಗೂ ನಂಟಿರುವ ಪಟ್ಟಿಯನ್ನು ಸಂಶೋಧಕರಿಗೆ ಸಿಗದಂತೆ ಬೇರೆಡೆ ಇಡುವುದು. 'ಮುಂದೆ ಏನಾದರೂ ಕಂಡರೆ ನಿಮಗೆ ತಿಳಿಸಬೇಕೆ, ನೀವಿಲ್ಲದಿದ್ದರೆ ಮಕ್ಕಳಿಗೆ?' ಎಂದು ತುಣುಕು ತೆಗೆಯುವ ಮೊದಲೇ ಕೇಳುವುದು. ನನ್ನ ಒಲವು ಇದರ ಕಡೆಗೇ. ಆದರೆ ಕೇಳುವ ಹೊತ್ತು ಯಾವುದು ನೋಡಿ: ಹಿಂದಿನ ರಾತ್ರಿಯೆಲ್ಲ ಭೇದಿಯ ಔಷಧ ಕುಡಿದು, ಹಸಿದು, ಹೆದರಿ ಕುಳಿತವನ ಕೈಗೆ ಕಾಗದ. ಅವನು ಸಹಿ ಹಾಕುತ್ತಾನೆ. ಸೇಂಟ್ ಮಾರ್ಟಿನ್ ಕೂಡ ಹಾಕಿದ್ದ.

ಪಟ್ಟಿ ಇಟ್ಟುಕೊಳ್ಳುವುದು ಫ್ರೀಜರ್ ಕಾಯುವುದಕ್ಕಿಂತ ಕಷ್ಟ. ಕರೆಂಟು ಹೋದರೆ ಅಲಾರಂ ಕೂಗುತ್ತದೆ. ಯೋಜನೆಯ ಹಣ ಮುಗಿದು, ಪಟ್ಟಿ ನೋಡಿಕೊಳ್ಳುತ್ತಿದ್ದವರು ಬೇರೆ ಊರಿಗೆ ಹೋಗಿ, ರೋಗಿಯ ಫೋನ್ ನಂಬರು ಎರಡು ಸಲ ಬದಲಾದರೆ ಯಾವ ಅಲಾರಮ್ಮೂ ಕೂಗುವುದಿಲ್ಲ.