ಬಾವಿಗಪ್ಪೆಯ ಪರ ಒಂದು ವಕಾಲತ್ತು

ಲೋಕ ಕಾಣದವನನ್ನು ಬಾವಿಯೊಳಗಿನ ಕಪ್ಪೆ ಎಂದು ಹಂಗಿಸುವುದು ನಮ್ಮಲ್ಲಿ ಮಾತ್ರ ಅಲ್ಲ. ಚೀನಾದ ಚುವಾಂಗ್ ತ್ಸು ಹೆಸರಿನ, ಎರಡು ಸಾವಿರ ವರ್ಷಕ್ಕೂ ಹಳೆಯ ಗ್ರಂಥದಲ್ಲಿ ಇದೇ ಕಪ್ಪೆಗೆ ಮೂಡಣ ಕಡಲಿನ ಆಮೆ ಎದುರಾಗುತ್ತದೆ. ಹತ್ತು ವರ್ಷದಲ್ಲಿ ಒಂಬತ್ತು ಸಲ ನೆರೆ ಬಂದರೂ ಕಡಲು ಉಕ್ಕಲಿಲ್ಲ, ಎಂಟು ವರ್ಷದಲ್ಲಿ ಏಳು ಬರ ಬಿದ್ದರೂ ತಗ್ಗಲಿಲ್ಲ ಎನ್ನುತ್ತದೆ ಆಮೆ. ಕಪ್ಪೆ ತಬ್ಬಿಬ್ಬು. 1893ರಲ್ಲಿ ವಿವೇಕಾನಂದರು ಷಿಕಾಗೊದಲ್ಲಿ ಹೇಳಿದ ಕಥೆಯಲ್ಲೂ ಸಣ್ಣತನ ಬಾವಿಗಪ್ಪೆಯದೇ.

ಆಂಧ್ರದ ಅನಂತಪುರ ಸೀಮೆಯ ರಾಯದುರ್ಗ, ಮಡಕಶಿರಾ ಕಡೆ ನಿಂತು ಕೇಳಿದರೆ ಆಮೆಯ ಈ ಹೆಚ್ಚುಗಾರಿಕೆ ಸಪ್ಪೆ ಎನಿಸುತ್ತದೆ. ಏಳು ಬರಕ್ಕೂ ನೀರು ಇಳಿಯದ ಮನೆಯವನಿಗೆ ಬರದ ಸಂಗತಿ ಏನು ಗೊತ್ತು? ಭೈರವಾನಿತಿಪ್ಪ ಅಣೆಕಟ್ಟು ಇದ್ದೂ ವರ್ಷಗಟ್ಟಲೆ ನೀರು ಕಾಣದ ಸೀಮೆ ಇದು. ಮಳೆ ಬಾರದ ವರ್ಷ ಕನ್ನಡ, ತೆಲುಗು ಬಯಲಿನ ಹಳ್ಳಿಗಳಲ್ಲಿ ಮದುವೆ ಮಾಡಿಸುವುದು ಕಪ್ಪೆಗೇ ಹೊರತು ಆಮೆಗಲ್ಲ. ಆಮೆ ಗುಡಿಯ ನೆಲದಲ್ಲಿ ಕಲ್ಲಾಗಿ ಕೂತು ಕೈ ಮುಗಿಸಿಕೊಳ್ಳುತ್ತದೆ, ಅಷ್ಟೆ.

ಒಣನೆಲದಲ್ಲಿ ಮಣ್ಣು ತೋಡಿ ಬದುಕುವ ಕಪ್ಪೆಯೊಂದಿದೆ. ಅದರ ಹಿಂಗಾಲಿನಡಿ ಸಲಿಕೆಯಂಥ ಗಟ್ಟಿ ಗಂಟು. ಹಿಂದು ಹಿಂದಕ್ಕೆ ಸರಿಯುತ್ತ ಅದು ಮಣ್ಣಿಗಿಳಿಯುತ್ತದೆ. ಕೊನೆಗೆ ಎರಡು ಕಣ್ಣು ಉಳಿದು, ಅವೂ ಮುಚ್ಚಿಹೋಗುತ್ತವೆ. ತಿಂಗಳುಗಟ್ಟಲೆ ಕಾದು, ಮಳೆ ಬಿದ್ದ ರಾತ್ರಿ ಎದ್ದು, ನಿಂತ ನೀರಿನಲ್ಲಿ ಮೊಟ್ಟೆಯಿಡುತ್ತದೆ. ನೀರು ಆರುವುದರೊಳಗೆ ಮರಿಗೆ ಕಾಲು ಮೂಡಬೇಕು. ಕೆಲವು ಜಾತಿಗಳಲ್ಲಂತೂ ಗುಂಡಿ ಬತ್ತುತ್ತಿದ್ದಂತೆ ಮರಿಗಳು ಮೈ ಬೆಳೆಸುವುದನ್ನು ಬಿಟ್ಟು ಬೇಗ ಕಪ್ಪೆಯಾಗುತ್ತವೆ. ನೀರಿನ ಇಂಥ ಲೆಕ್ಕ ಕಡಲಾಮೆಗೆ ಎಂದೂ ಬೇಕಾಗಿಲ್ಲ.

ಹಾಗಂತ ಆಮೆಯೂ ಸ್ವತಂತ್ರವಲ್ಲ. ಸಾಗರ ಸುತ್ತುವ ಆಲಿವ್ ರಿಡ್ಲೆ ಕಡಲಾಮೆ ಹೊನ್ನಾವರದ ಕಾಸರಕೋಡಿನಂಥ ದಡಕ್ಕೆ ರಾತ್ರಿ ಹತ್ತಿ ಬಂದು, ಒಂದೂವರೆ ಅಡಿ ಮರಳು ತೋಡಿ, ನೂರರಷ್ಟು ಮೊಟ್ಟೆಯಿಟ್ಟು ಮುಚ್ಚಿ ಹೋಗುತ್ತದೆ. ಮರಿ ಗಂಡೋ ಹೆಣ್ಣೋ ಎಂಬುದನ್ನು ಆ ಮರಳಿನ ಬಿಸಿ ತೀರ್ಮಾನಿಸುತ್ತದೆ. ಬಿಸಿ ಏರಿದಷ್ಟೂ ಹೆಣ್ಣು ಹೆಚ್ಚು. ಅಷ್ಟು ದೊಡ್ಡ ಕಡಲಿದ್ದರೂ ವಂಶದ ಹಣೆಬರಹ ಒಂದು ಗುಂಡಿಯಲ್ಲಿ. ಚೀನಾದ ಆಮೆ ಇದನ್ನು ಕಪ್ಪೆಗೆ ಹೇಳಲೇ ಇಲ್ಲ.

ಕಪ್ಪೆಯ ತಪ್ಪು ಬಾವಿಯಲ್ಲಿದ್ದದ್ದಲ್ಲ, ಬಾವಿಯೇ ಎಲ್ಲ ಅಂದದ್ದು. ಆಮೆಯೂ ಅದನ್ನೇ ಮಾಡಿತು, ಅದರ ಬಾವಿ ದೊಡ್ಡದು. ಅನಂತಪುರ ಸೀಮೆಗೆ ವರ್ಷಕ್ಕೆ ಸರಾಸರಿ 550 ಮಿ.ಮೀ. ಮಳೆ ಎನ್ನುವುದು ದೂರದಿಂದ ನೋಡುವ ಆಮೆಯ ಲೆಕ್ಕ. ಸುಳ್ಳಲ್ಲ. ಆದರೆ ಕಡ್ಲೆಕಾಯಿ ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೆ ಹೊಲದಲ್ಲಿ ಉಳಿಯುವುದು ಬರೀ ಬಳ್ಳಿ. ಆಮೇಲೆ ಬರುವ ಮಳೆ ಸರಾಸರಿಯನ್ನು ತುಂಬುತ್ತದೆ, ಚೀಲವನ್ನಲ್ಲ. ಇದನ್ನು ಬಲ್ಲವನು ಅಲ್ಲೇ ಇದ್ದವನು.

ಇಷ್ಟು ವಾದಿಸಿದ ಮೇಲೂ ಕಪ್ಪೆ ಒಂದು ಕಡೆ ಸೋಲುತ್ತದೆ. ತೆರೆದ ಬಾವಿಗಳು ಬತ್ತಿ ಬೋರು ಬಂದವು. ಪ್ರತಿ ರೈತನಿಗೂ ತನ್ನ ಬೋರಿನ ಆಳ, ಅದು ನಿಂತುಹೋದ ಬೇಸಿಗೆ, ಮಾಡಿದ ಸಾಲ ಚೆನ್ನಾಗಿ ಗೊತ್ತು. ಪಕ್ಕದ ಹೊಲದವನು ಇನ್ನೂ ಕೆಳಕ್ಕೆ ಕೊರೆಸಿದಾಗ ಇವನೂ ಕೊರೆಸುತ್ತಾನೆ. ಇಬ್ಬರ ಕೆಳಗಿರುವ ನೀರೂ ಒಂದೇ ಎಂಬುದು ಯಾವೊಂದು ಬೋರಿನೊಳಗೆ ಇಣುಕಿದರೂ ಕಾಣದು. ಆ ಒಂದು ವಿಷಯಕ್ಕೆ ದೂರದಿಂದ ಬಂದ ಆಮೆಯ ಮಾತನ್ನು ಕೇಳಲೇಬೇಕು, ಅದು ಎಷ್ಟೇ ಜಂಬದಿಂದ ಹೇಳಲಿ.