ಪಾಠದ ನಡುವೆ ಎದ್ದ ಪ್ರಶ್ನೆ

ಶಿರಾ ಸೀಮೆಯ ಪಟ್ಟನಾಯಕನಹಳ್ಳಿಯನ್ನು ನಾಡಿನ ಜನರು ಗುರುಗುಂಡಬ್ರಹ್ಮೇಶ್ವರ ಸ್ವಾಮಿಯ ಮಠದಿಂದ ಬಲ್ಲರು. ಗುರುವಿನ ನಾಮಸ್ಮರಣೆ ಅನುದಿನವೂ ನಡೆಯುವ ಆ ಊರಿನಲ್ಲಿಯೂ, ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಸುತ್ತಣ ಹಳ್ಳಿಗಳ ಪ್ರಾಥಮಿಕ ಶಾಲೆಗಳಲ್ಲಿಯೂ, ಗುರುಧರ್ಮವೆಂದರೇನೆಂಬ ಪ್ರಶ್ನೆ ಗ್ರಂಥಗಳಿಂದ ಏಳುವುದಕ್ಕಿಂತ ಮಿಗಿಲಾಗಿ, “ಮಿಸ್, ಒಂದಕ್ಕೆ”, “ಮಿಸ್, ಇವ್ನು ನನ್ ಬಳಪ ಕಿತ್ಕೊಂಡ”, “ಮಿಸ್, ಮಳೆ ಯಾಕೆ ಬರಲ್ಲ?” ಎಂದು ಪಾಠದ ನಡುವೆ ಏಳುವ ಕೂಗುಗಳಿಂದಲೇ ಎದುರಾಗುವುದು. ಅಧ್ಯಾಪಕರ ಋಣ ಯಾರಿಗೆ? ಹಿಡಿದ ಪಾಠಕ್ಕೋ, ಅದನ್ನು ಮುರಿದ ಮಗುವಿಗೋ, ಮೌನವಾಗಿ ಆಲಿಸುತ್ತಿದ್ದ ಉಳಿದವರಿಗೋ?

ನಮ್ಮ ಉಪನಿಷತ್ತುಗಳು ಈ ವಿಷಯದಲ್ಲಿ ಪ್ರಶ್ನಿಸುವವರ ಪಕ್ಷವನ್ನು ವಹಿಸಿರುವುದು ಗಮನಾರ್ಹವಾದುದು. ತಂದೆಯು ಯಜ್ಞದಕ್ಷಿಣೆಯಾಗಿ ಬಡಕಲು ಗೋವುಗಳನ್ನು ಕೊಡುತ್ತಿರುವಾಗ ನಡುವೆ ಬಾಯಿಹಾಕಿ, ತನ್ನನ್ನು ಯಾರಿಗೆ ಕೊಡುವಿರೆಂದು ಒಮ್ಮೆಯಲ್ಲ ಮೂರು ಬಾರಿ ಕೇಳಿದ ಬಾಲಕ ನಚಿಕೇತನನ್ನು ಕಠೋಪನಿಷತ್ತು ಉದ್ಧಟನೆಂದು ಕರೆಯದೆ, ಅವನೊಳಗೆ ಶ್ರದ್ಧೆ ಪ್ರವೇಶಿಸಿತೆಂದು ಹೇಳುತ್ತದೆ. ಸಿಟ್ಟಾದವನು ತಂದೆ, ಆ ಸಿಟ್ಟಿನಿಂದ ಯಮನ ಬಾಗಿಲಿಗೆ ಹೋದವನು ಮಗ. ಬೃಹದಾರಣ್ಯಕದ ಸಭೆಯಲ್ಲಿ ಇನ್ನೂ ಕೇಳಿದರೆ ತಲೆ ಬಿದ್ದೀತೆಂದು ಯಾಜ್ಞವಲ್ಕ್ಯನು ಎಚ್ಚರಿಸಿದಾಗ ಗಾರ್ಗಿಯು ಸುಮ್ಮನಾದಳು. ಆದರೆ ಸಭೆಯ ಅನುಮತಿಯನ್ನು ಬೇಡಿ ಮತ್ತೆ ಎದ್ದಳು, ಆಗ ಅವನು ಉತ್ತರಿಸಲೇಬೇಕಾಯಿತು. ಮಹಾಜ್ಞಾನಿಯ ಬೆದರಿಕೆಯೂ ಪ್ರಶ್ನೆಯನ್ನು ಕೊಲ್ಲಲಾರದೆಂಬುದನ್ನು ಮರೆಮಾಚದೆ ದಾಖಲಿಸಿದ ಆ ಋಷಿಗಳ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ.

ಆದರೂ ತರಗತಿಗೆ ಎಲ್ಲರಿಗಿಂತ ಹತ್ತಿರದವನು ಪ್ರಶ್ನೋಪನಿಷತ್ತಿನ ಪಿಪ್ಪಲಾದನೆಂದು ನನಗೆ ತೋರುತ್ತದೆ. ಕೈಯಲ್ಲಿ ಸಮಿತ್ತನ್ನು ಹಿಡಿದು ಬಂದ ಆರು ಮಂದಿ ಜಿಜ್ಞಾಸುಗಳಿಗೆ ಅವನು ಒಡನೆಯೇ ಉತ್ತರಿಸಲಿಲ್ಲ, ಅಟ್ಟಲೂ ಇಲ್ಲ. ಒಂದು ಸಂವತ್ಸರ ತಪಸ್ಸು, ಬ್ರಹ್ಮಚರ್ಯ, ಶ್ರದ್ಧೆಗಳಿಂದ ಇಲ್ಲಿರಿ, ಆಮೇಲೆ ಇಷ್ಟಬಂದುದನ್ನು ಕೇಳಿರಿ, ನಮಗೆ ತಿಳಿದಿದ್ದರೆ ಎಲ್ಲವನ್ನೂ ಹೇಳುವೆವು ಎಂದನು. ಅವಧಿ ಮುಗಿದ ಮೇಲೆ ಆರು ಮಂದಿಗೂ, ಒಬ್ಬೊಬ್ಬರಿಗಾಗಿ, ಉತ್ತರ ದೊರೆಯಿತು. ಕಾಯಿಸುವುದು ಅಧರ್ಮವಲ್ಲ, ಕಾಯಿಸಿ ಮರೆಯುವುದು ಅಧರ್ಮ. “ಆಮೇಲೆ ಹೇಳ್ತೀನಿ, ಕೂತ್ಕೋ” ಎಂಬ ಮಾತು ಅಧ್ಯಾಪಕರ ಬಾಯಿಂದ ಹೊರಟೊಡನೆ ಅದು ವಾಗ್ದಾನ. ಅದನ್ನು ತಪ್ಪಿದರೆ ಸತ್ಯಕ್ಕೆ ಬಂದ ಊನವನ್ನು ಆರು ವರ್ಷದ ಮಗುವೂ ಅರಿಯಬಲ್ಲದು.

ಪಿಪ್ಪಲಾದನ ಮುಂದೆ ಆರೇ ಮಂದಿ ಇದ್ದರೆಂಬುದನ್ನು ನಾನು ಮರೆತಿಲ್ಲ; ನಮ್ಮ ತರಗತಿಗಳ ಪಾಡು ಬೇರೆ. ಋಷಿವ್ಯಾಲಿಯ ಗ್ರಾಮೀಣ ಶಾಲೆಗಳಿಂದ ಪ್ರೇರಣೆ ಪಡೆದು 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿ-ಕಲಿ ಪದ್ಧತಿಯಲ್ಲಿ, ಬೇರೆಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ‘ತಟ್ಟೆ’ಗಳೆಂಬ ಗುಂಪುಗಳಲ್ಲಿ ಕುಳಿತು ಕಲಿಕೆಯ ತಮ್ಮತಮ್ಮ ಮೆಟ್ಟಿಲನ್ನು ಏರುತ್ತಿರುವುದರಿಂದ, ಮುರಿಯಲು ಒಂದೇ ಪ್ರವಚನವೆಂಬುದೇ ಅಲ್ಲಿಲ್ಲ. ಆದರೆ ಒಂದು ಗುಂಪಿನ ಬಳಿ ಬಾಗಿದ ಶಿಕ್ಷಕಿಯ ಸೆರಗನ್ನು ಇನ್ನೊಂದು ಗುಂಪಿನ ಮಗು ಎಳೆಯುತ್ತಲೇ ಇರುತ್ತದೆ. ಅಲ್ಲಿ ವಿವೇಕವೇ ಗತಿ: ಶರೀರಬಾಧೆಗೆ ತಡವಿಲ್ಲದೆ ಅನುಮತಿ, ಬಳಪದ ವ್ಯಾಜ್ಯಕ್ಕೆ ಕ್ಷಣಕಾಲದ ತಾಳ್ಮೆ, ಮಳೆಯ ಪ್ರಶ್ನೆಗೆ ಕರಿಹಲಗೆಯ ಮೂಲೆಯಲ್ಲಿ ಒಂದು ಸ್ಥಾನ.

ಹೀಗೆ ಕೂಗುವ ಮಗುವಿಗಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಎಂದೂ ನಡುವೆ ಬಾಯಿಹಾಕದ ಮಗು. ಗೊಲ್ಲರಹಟ್ಟಿಯಿಂದ ಬಂದದ್ದೋ, ಪಾವಗಡದ ಕಡೆ ಮನೆಯಲ್ಲಿ ತೆಲುಗನ್ನಾಡುವುದೋ ಆದ ಮಗುವು ಪುಸ್ತಕದ ಕನ್ನಡದ ಎದುರಿನಲ್ಲಿ ಕೈಕಟ್ಟಿ ಕುಳಿತಿದ್ದರೆ, ಅದನ್ನು ಶಿಸ್ತೆಂದು ಮೆಚ್ಚಿಬಿಡುವುದು ಸುಲಭ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣವು ದೈಹಿಕ ದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆದರೆ ಭಯದಿಂದ ಹುಟ್ಟಿದ ಮೌನವನ್ನು ಗುರುತಿಸುವ ಕಣ್ಣನ್ನು ಯಾವ ಕಾಯಿದೆಯೂ ಕೊಡಲಾರದು. ಅಂತಹ ಮಗುವು ಒಂದು ದಿನ ಪಾಠವನ್ನು ಮುರಿದು ಮಾತಾಡಿದರೆ, ಆ ದಿನದ ಪಾಠವು ಅರ್ಧದಲ್ಲಿಯೇ ನಿಂತರೂ ನಷ್ಟವಿಲ್ಲ.

ಆದುದರಿಂದ ಶಿರಾ ಸೀಮೆಯ ಉಪಾಧ್ಯಾಯರಲ್ಲಿ ನನ್ನ ವಿನಂತಿ ಇಷ್ಟೇ: ಕರಿಹಲಗೆಯ ಮೂಲೆಯಲ್ಲಿ ಬರೆದಿಟ್ಟ ಪ್ರಶ್ನೆಗೆ ಸಂಜೆಯ ಗಂಟೆಗೆ ಮುನ್ನ ಉತ್ತರ ಹೇಳಿರಿ, ತಿಳಿಯದಿದ್ದರೆ ತಿಳಿಯದೆಂದೇ ಹೇಳಿ, ನಾಳೆ ಹುಡುಕಿ ತನ್ನಿರಿ.