ಹೆಸರು ಯಾರಪ್ಪನ ಆಸ್ತಿ?

ಇಂಗ್ಲೆಂಡಿನ ಉತ್ತರದಲ್ಲಿ ಟೈನ್ ನದಿಯ ದಂಡೆಗೆ ನ್ಯೂಕ್ಯಾಸಲ್ ಅಂತ ಒಂದು ಊರಿದೆ. ಕಲ್ಲಿದ್ದಲು ಸಾಗಿಸಿ, ಹಡಗು ಕಟ್ಟಿ ಬದುಕಿದ ದುಡಿಮೆಗಾರರ ಊರು. ಗಣಿಗಳು ಮುಚ್ಚಿದವು. ಹಡಗು ಕಟ್ಟುವ ಕಾರ್ಖಾನೆಗಳೂ ಮುಚ್ಚಿದವು. ಊರ ನಡುವಿನ ಫುಟ್‌ಬಾಲ್ ಮೈದಾನ ಮಾತ್ರ ಉಳಿಯಿತು. ಸೇಂಟ್ ಜೇಮ್ಸ್ ಪಾರ್ಕ್ ಅಂತ ಅದರ ಹೆಸರು. ಮೊದಲು ಅದು ದನ ಮೇಯುತ್ತಿದ್ದ ಇಳಿಜಾರು. ನಮ್ಮ ಕಡೆ ಗೋಮಾಳ ಇರ್ತದಲ್ಲ, ಹಂಗೆ. 1880ರಿಂದ ಅಲ್ಲಿ ಚೆಂಡಾಟ ನಡೆದಿದೆ. 1892ರಿಂದ ನ್ಯೂಕ್ಯಾಸಲ್ ಯುನೈಟೆಡ್ ಕ್ಲಬ್ಬಿಗೆ ಅದೇ ಮನೆ. ನೆಲ ನಗರಸಭೆಯದು, ಕ್ಲಬ್ಬು ಗುತ್ತಿಗೆದಾರ. ಹೆಸರು ಯಾರದು? ಈ ಪ್ರಶ್ನೆಯನ್ನು ನೂರು ವರ್ಷ ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೇ ಬಿದ್ದಿರಲಿಲ್ಲ.

2007ರಲ್ಲಿ ಮೈಕ್ ಆಶ್ಲಿ ಎಂಬ ವ್ಯಾಪಾರಿ ಈ ಕ್ಲಬ್ಬನ್ನು ಕೊಂಡ. ಆಟದ ಬಟ್ಟೆಬರೆ, ಬೂಟು ಮಾರುವ ಸ್ಪೋರ್ಟ್ಸ್ ಡೈರೆಕ್ಟ್ ಅಂಗಡಿಗಳ ಧಣಿ ಈತ. 2011ರ ನವೆಂಬರಿನಲ್ಲಿ ಕ್ಲಬ್ಬಿನ ಆಡಳಿತ ಒಂದು ಪ್ರಕಟಣೆ ಕೊಟ್ಟಿತು: ಇನ್ನು ಮೇಲೆ ಮೈದಾನದ ಹೆಸರು ಸ್ಪೋರ್ಟ್ಸ್ ಡೈರೆಕ್ಟ್ ಅರೀನಾ. ಹಳೇ ಹೆಸರಿಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ, ಕೊಳ್ಳುವವರಿಗೆ ಮಾದರಿ ತೋರಿಸೋಕೆ ಸದ್ಯಕ್ಕೆ ಧಣಿಯ ಅಂಗಡಿ ಹೆಸರು ಇಟ್ಟಿದ್ದೇವೆ ಎಂಬ ವಿವರಣೆ ಬೇರೆ. ಗೋಡೆಯ ಮೇಲಿದ್ದ ಹಳೇ ಅಕ್ಷರಗಳನ್ನು ಕಿತ್ತು ಇಳಿಸಿದರು. ಒಬ್ಬ ಅಭಿಮಾನಿ ಬಣ್ಣ ತಗೊಂಡು ಹೋಗಿ ಹಳೇ ಹೆಸರನ್ನೇ ಗೋಡೆ ಮೇಲೆ ಮತ್ತೆ ಬರೆದ. ಪೋಲೀಸರು ಅವನನ್ನು ಹಿಡಿದರು. ಗೆಳೆಯರೇ, ಇದನ್ನು ಗಮನಿಸಬೇಕು. ಹೆಸರು ಕಿತ್ತವನದು ವ್ಯಾಪಾರ ಅನ್ನಿಸಿಕೊಂಡಿತು. ಬರೆದವನದು ಅಪರಾಧ ಆಯಿತು.

ಕತೆ ಇಲ್ಲಿಗೇ ಮುಗಿದಿದ್ದರೆ ನಾವು ಬರೆಯುವುದು ಸುಲಭವಿತ್ತು. ಬಂಡವಾಳಿಗ ಕೆಟ್ಟವನು, ಜನ ಒಳ್ಳೆಯವರು ಅಂತ ಹೇಳಿ ಕೈ ತೊಳಕೋಬಹುದಿತ್ತು. ಆದರೆ ಮುಂದೆ ಆದದ್ದು ನಮ್ಮನ್ನೂ ಕಾಡುತ್ತಿದೆ.

2012ರ ಅಕ್ಟೋಬರಿನಲ್ಲಿ ವೋಂಗಾ ಎಂಬ ಕಂಪನಿ ಬಂತು. ಆಟಗಾರರ ಎದೆ ಮೇಲೆ ತನ್ನ ಹೆಸರು ಹಾಕಿಸಿಕೊಳ್ಳಲು ಹಣ ಕೊಟ್ಟಿತು. ಮೈದಾನಕ್ಕೆ ಹೆಸರಿಡುವ ಹಕ್ಕನ್ನೂ ಕೊಂಡುಕೊಂಡಿತು. ಕೊಂಡು ಏನು ಮಾಡಿತು? ಹಳೇ ಹೆಸರನ್ನು ವಾಪಸು ಕೊಟ್ಟಿತು! ಸೇಂಟ್ ಜೇಮ್ಸ್ ಪಾರ್ಕ್ ಮತ್ತೆ ಸೇಂಟ್ ಜೇಮ್ಸ್ ಪಾರ್ಕ್ ಆಯಿತು. ಊರಿನ ಬಹಳ ಮಂದಿಗೆ ಸಂತೋಷವಾಯಿತು.

ಈ ವೋಂಗಾ ಯಾರು? ಸಂಬಳದ ದಿನ ಬರೋ ತನಕ ಇಟ್ಕೊಳ್ಳಿ ಅಂತ ಬಡವರಿಗೆ ಕೈಸಾಲ ಕೊಡುವ ಸಾಹುಕಾರ. ವರ್ಷದ ಲೆಕ್ಕದಲ್ಲಿ ಅದರ ಬಡ್ಡಿ ಶೇಕಡಾ 4,000ಕ್ಕೂ ಮಿಗಿಲು. ನಮ್ಮಲ್ಲಿ ಮೀಟರ್ ಬಡ್ಡಿ ಅಂತೀವಲ್ಲ, ಅದಕ್ಕೆ ಕೋಟು ಟೈ ತೊಡಿಸಿದ ಹಾಗೆ. ಸಾಲಗಾರರನ್ನು ಹೆದರಿಸಲು ಇಲ್ಲದ ವಕೀಲರ ಹೆಸರಿನಲ್ಲಿ ನೋಟೀಸು ಕಳಿಸಿದ್ದಕ್ಕಾಗಿ 2014ರಲ್ಲಿ ಸುಮಾರು 45,000 ಮಂದಿಗೆ ಒಟ್ಟು 26 ಲಕ್ಷ ಪೌಂಡ್ ಪರಿಹಾರ ಕೊಡಬೇಕಾಯಿತು. ಅದೇ ವರ್ಷ, ತೀರಿಸುವ ಶಕ್ತಿ ಇದೆಯೇ ಅಂತ ಸರಿಯಾಗಿ ನೋಡದೆ ಸಾಲ ಹಂಚಿದ್ದಕ್ಕೆ 3,30,000 ಸಾಲಗಾರರ ಬಾಕಿ ಮನ್ನಾ ಮಾಡಬೇಕಾಯಿತು. 2018ರ ಆಗಸ್ಟಿನಲ್ಲಿ ಕಂಪನಿಯೇ ಮುಳುಗಿತು.

ಗಣಿ ಮುಚ್ಚಿ ಕೆಲಸ ಹೋದ ಊರಿನಲ್ಲಿ ಇಂಥವರಿಂದ ಸಾಲ ತರುವವರು ಯಾರು? ಅದೇ ಮೈದಾನದಲ್ಲಿ ಕೂತು ಕೂಗುವ ಮನೆಗಳ ಜನ. ಅವರ ಬೆವರಿನಿಂದ ಕಿತ್ತ ಬಡ್ಡಿಯಿಂದಲೇ ಅವರ ಹೆಸರನ್ನು ಕೊಂಡು, ಅವರಿಗೇ ಉಡುಗೊರೆ ಅಂತ ಕೊಟ್ಟರು. ಅಡವಿಟ್ಟ ತಾಳಿಯನ್ನು ಮಗಳ ಮದುವೆ ದಿನ ತಂದುಕೊಟ್ಟು, ಪಂಕ್ತಿಯ ಮೊದಲ ಎಲೆಗೆ ಕೂರುವ ಸಾಹುಕಾರನನ್ನು ನಾವು ಕಂಡಿಲ್ಲವೇ? ಅವತ್ತು ಅವನಿಗೆ ಕೈಮುಗಿದವರನ್ನು ನಾವು ಹಂಗಿಸುವುದಿಲ್ಲ. ತಾಳಿ ತಾಳಿಯೇ. ಆದರೆ ಸಾಲದ ಪುಸ್ತಕ ಯಾರ ಪೆಟ್ಟಿಗೆಯಲ್ಲಿದೆ ಅನ್ನೋದನ್ನು ಮರೆಯುವಂತಿಲ್ಲ.

ಆ ಕ್ಲಬ್ಬಿನಲ್ಲಿ ಪಾಪಿಸ್ ಸಿಸ್ಸೆ ಎಂಬ ಸೆನೆಗಲ್ ದೇಶದ ಆಟಗಾರನಿದ್ದ. ಬಡ್ಡಿ ನನ್ನ ಧರ್ಮಕ್ಕೆ ಒಪ್ಪದ್ದು, ಆ ಹೆಸರಿನ ಅಂಗಿ ತೊಡಲಾರೆ ಅಂತ 2013ರಲ್ಲಿ ಹಟ ಹಿಡಿದ. ಕೆಲವು ದಿನಗಳ ಮಾತುಕತೆಯ ನಂತರ ತೊಟ್ಟ. ಒಬ್ಬನೇ ನಿಂತವನು ಎಷ್ಟು ದಿನ ನಿಂತಾನು?

ಇದೆಲ್ಲ ಬಿಳಿಯರ ನಾಡಿನ ಪುರಾಣ, ನಮಗ್ಯಾಕೆ ಅನ್ನುವವರಿಗೆ ಕಲ್ಕತ್ತದ ಕತೆ ನೆನಪಿಸುತ್ತೇವೆ. 1911ರ ಜುಲೈ 29ರಂದು ಅಲ್ಲಿನ ಮೋಹನ್ ಬಾಗಾನ್ ತಂಡ ಬ್ರಿಟಿಷ್ ಸೈನಿಕರ ತಂಡವನ್ನು 2-1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದಿತು. ಹನ್ನೊಂದು ಮಂದಿಯಲ್ಲಿ ಹತ್ತು ಮಂದಿಗೆ ಕಾಲಲ್ಲಿ ಬೂಟಿರಲಿಲ್ಲ. ಆ ಹೆಸರಿನ ಹಿಂದೆ ಅಂಥ ಬರಿಗಾಲುಗಳಿವೆ. 1998ರಲ್ಲಿ ನಮ್ಮ ಬೆಂಗಳೂರಿನ ಹೆಂಡದ ಧಣಿಗಳು, ಯುಬಿ ಗುಂಪಿನವರು, ಹಣ ಹೂಡಿ ಆ ಹೆಸರಿನ ಮುಂದೆ ತಮ್ಮ ವಿಸ್ಕಿಯ ಹೆಸರು ಅಂಟಿಸಿದರು. ಅದು ಮೆಕ್‌ಡೊವೆಲ್ ಮೋಹನ್ ಬಾಗಾನ್ ಆಯಿತು. ದೇಶ ಒಡೆದಾಗ ನೆಲ ಕಳಕೊಂಡು ಬಂದ ನಿರಾಶ್ರಿತರು ತಮ್ಮದು ಅಂತ ಅಪ್ಪಿಕೊಂಡ ಕ್ಲಬ್ಬು ಈಸ್ಟ್ ಬೆಂಗಾಲ್. ಅದು ಬಿಯರಿನ ಹೆಸರು ಹೊತ್ತು ಕಿಂಗ್‌ಫಿಷರ್ ಈಸ್ಟ್ ಬೆಂಗಾಲ್ ಆಯಿತು. ಎದುರಾಳಿಗಳಿಬ್ಬರ ಹಣೆ ಮೇಲೂ ಒಬ್ಬನದೇ ಮುದ್ರೆ! 2020ರಲ್ಲಿ ಬೇರೆ ಧಣಿ ಬಂದ. ಎಟಿಕೆ ಮೋಹನ್ ಬಾಗಾನ್ ಆಯಿತು. ಅಭಿಮಾನಿಗಳು ಮೂರು ವರ್ಷ ಪ್ರತಿಭಟಿಸಿದರು. 2023ರಲ್ಲಿ ಎಟಿಕೆ ಹೋಯಿತು. ಹೋಗುತ್ತಾ ಹೋಗುತ್ತಾ ಹಿಂದುಗಡೆ ‘ಸೂಪರ್ ಜಯಂಟ್’ ಅಂತ ಇನ್ನೊಂದು ಬಾಲ ಅಂಟಿತು. ಅದೇ ಧಣಿಯ ಲಕ್ನೋ ಕ್ರಿಕೆಟ್ ತಂಡಕ್ಕೂ ಅದೇ ಬಾಲ.

ಹಾಗಾದರೆ ಹಳೇ ಹೆಸರೆಲ್ಲ ಪವಿತ್ರವೇ? ಪರಂಪರೆ, ಪರಂಪರೆ ಅಂತ ನಾವೂ ಗಂಟೆ ಬಾರಿಸಬೇಕೇ? ಆ ಮಾತು ಕೇಳಿದ ಕೂಡಲೇ ನಮಗೆ ಅನುಮಾನ ಹುಟ್ಟುತ್ತದೆ. ಹುಟ್ಟಬೇಕು ಕೂಡ. ಹಳೆಯದು ಎಂಬ ಒಂದೇ ಕಾರಣಕ್ಕೆ ಏನೇನು ಹೊರಿಸಿದ್ದಾರೆ ಅನ್ನೋದು ಈ ಪತ್ರಿಕೆ ಓದುವವರಿಗೆ ಗೊತ್ತು.

ಇದಕ್ಕೆ ಜರ್ಮನಿಯ ಹ್ಯಾಂಬರ್ಗ್ ಬಂದರಿನ ಸಾಂಕ್ಟ್ ಪೌಲಿ ಕ್ಲಬ್ಬು ಒಂದು ಉತ್ತರ ಕೊಡುತ್ತದೆ. ಅದರ ಮೈದಾನಕ್ಕೆ 1970ರಲ್ಲಿ ಮಾಜಿ ಅಧ್ಯಕ್ಷ ವಿಲ್‌ಹೆಲ್ಮ್ ಕೋಖ್‌ನ ಹೆಸರಿಟ್ಟಿದ್ದರು. ಆತ ಹಿಟ್ಲರನ ನಾಜಿ ಪಕ್ಷದ ಸದಸ್ಯನಾಗಿದ್ದ ಎಂಬುದು ಆಮೇಲೆ ಬಯಲಾಯಿತು. 1998ರಲ್ಲಿ ಸದಸ್ಯರು ಸಭೆ ಸೇರಿ, ವಾದ ಮಾಡಿ, ಮತ ಹಾಕಿ ಆ ಹೆಸರನ್ನು ಇಳಿಸಿದರು. ಮೈದಾನ ಮತ್ತೆ ಆ ಜಾಗದ ಹೆಸರಿನಿಂದಲೇ ಮಿಲ್ಲರ್ನ್‌ಟೋರ್ ಆಯಿತು. 2007ರಲ್ಲಿ ಅದೇ ಸದಸ್ಯರು ಈ ಹೆಸರನ್ನು ಯಾವ ಕಂಪನಿಗೂ ಮಾರಕೂಡದು ಅಂತ ನಿರ್ಣಯ ಮಾಡಿದರು. ಕೊಳಕು ಹೆಸರನ್ನು ಇಳಿಸಿದವರೂ ಅವರೇ, ಒಳ್ಳೇ ಹೆಸರನ್ನು ಕಾದವರೂ ಅವರೇ.

ನಮ್ಮ ಮಾತು ಇಷ್ಟೇ. ಹೆಸರು ಹಳೆಯದೋ ಹೊಸದೋ ಎಂಬುದು ಮೊದಲ ಪ್ರಶ್ನೆಯಲ್ಲ. ಅದನ್ನು ಇಡುವ, ಇಳಿಸುವ, ಬೇಡ ಅನ್ನುವ ಅಧಿಕಾರ ಯಾರ ಕೈಲಿದೆ ಎಂಬುದು ಮೊದಲ ಪ್ರಶ್ನೆ. ನ್ಯೂಕ್ಯಾಸಲ್ಲಿನ ಜನಕ್ಕೆ ಹೆಸರು ಸಿಕ್ಕಿತು, ಅಧಿಕಾರ ಸಿಗಲಿಲ್ಲ. 2021ರ ಅಕ್ಟೋಬರಿನಲ್ಲಿ ಆ ಕ್ಲಬ್ಬಿನ ನೂರಕ್ಕೆ 80 ಪಾಲನ್ನು ಸೌದಿ ಅರೇಬಿಯಾದ ಸರ್ಕಾರಿ ಹೂಡಿಕೆ ನಿಧಿ ಕೊಂಡಿತು. ಬಾಗಿಲ ಮೇಲೆ ಸೇಂಟ್ ಜೇಮ್ಸ್ ಪಾರ್ಕ್ ಅಂತಲೇ ಇತ್ತು. ಮರುವರ್ಷ ಆಟಗಾರರಿಗೆ ಹೊಲಿಸಿದ ಒಂದು ಅಂಗಿಯಲ್ಲಿ ಮಾತ್ರ ಸೌದಿ ಬಾವುಟದ ಹಸಿರು ಬಿಳುಪು ಇತ್ತು.

ದುಡ್ಡಿಲ್ಲದೆ ಕ್ಲಬ್ಬು ನಡೆಸೋದು ಹೆಂಗ್ರೀ, ಹಾಡು ಹೇಳಿದರೆ ಆಟಗಾರರಿಗೆ ಸಂಬಳ ಆಗ್ತದಾ ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಗೋಡೆ ಮೇಲೆ ಜಾಹೀರಾತು ಹಾಕಲಿ, ಬಾಡಿಗೆ ಕೊಡಲಿ. ಗೋಡೆ ಬಾಡಿಗೆಗೆ ಕೊಟ್ಟವನು ಮನೆಯವರ ಹೆಸರನ್ನೇ ಬದಲಾಯಿಸಬೇಕಿಲ್ಲ. ಆದರೆ ಬೇಡ ಅನ್ನುವುದಕ್ಕೆ ಖರ್ಚಿದೆ ಎಂಬುದನ್ನೂ ಒಪ್ಪಬೇಕು. ಸಾಂಕ್ಟ್ ಪೌಲಿಯ ಸದಸ್ಯರು ಬರಬಹುದಾದ ಹಣವನ್ನು ಬಿಟ್ಟರು. ಆ ನಷ್ಟ ನಮ್ಮದು ಅಂತ ಹೊತ್ತುಕೊಂಡರು. ಹಾಗೆ ಹೊರಲು ತಯಾರಿಲ್ಲದೆ, ಯಾರೋ ಪುಣ್ಯಾತ್ಮ ಬಂದು ಹೆಸರು ಉಳಿಸಲಿ ಅಂತ ಕಾಯುತ್ತಾ ಕೂತರೆ, ಬರುವವನು ಸಾಹುಕಾರನೇ.

ಹೆಸರು ಬೋರ್ಡಿನಲ್ಲಿ ಹುಟ್ಟುವುದಿಲ್ಲ. ಶನಿವಾರ ಶನಿವಾರ ಮಳೆಯಲ್ಲಿ ನಿಂತು, ಅಪ್ಪನ ಹೆಗಲ ಮೇಲೆ ಕೂತು, ಸೋತ ದಿನವೂ ಬಂದು ಕೂಗಿದವರ ಬಾಯಲ್ಲಿ ಹುಟ್ಟುತ್ತದೆ. ಧಣಿ ಬೋರ್ಡು ಬದಲಾಯಿಸಿದ ಆ ಒಂದು ವರ್ಷವೂ ನ್ಯೂಕ್ಯಾಸಲ್ಲಿನ ಜನ ಸೇಂಟ್ ಜೇಮ್ಸ್ ಪಾರ್ಕಿಗೆ ಹೋಗಿ ಬರ್ತೀವಿ ಅಂತಲೇ ಮನೆ ಬಿಡುತ್ತಿದ್ದರು. ಅಷ್ಟು ಅಧಿಕಾರ ಅವರ ಬಾಯಲ್ಲಿತ್ತು. ಅದು ಸಭೆಗೂ ಮತಕ್ಕೂ ಬರಬೇಕು. ಅಲ್ಲಿಯ ತನಕ ನಮ್ಮ ಹೆಸರನ್ನು ನಮಗೇ ದಾನ ಕೊಡುವವರು ಬರುತ್ತಲೇ ಇರುತ್ತಾರೆ.